ಥಾಯ್ಲೆಂಡ್‌ಗೆ ವೀಸಾ ಬೇಡ ಎಂದರೆ ಟಿಕೆಟ್, ಪಾಸ್‌ಪೋರ್ಟ್ ಇದ್ದರೆ ಸಾಕೇ? ಫಾರ್ವರ್ಡ್ ಸಂದೇಶಗಳು ಹೇಳದ ನಿಯಮಗಳು

ಭಾರತೀಯರು ವೀಸಾ ಇಲ್ಲದೆ ಥಾಯ್ಲೆಂಡ್‌ಗೆ ಹೋಗಬಹುದು, ಪಾಸ್‌ಪೋರ್ಟ್ ತೋರಿಸಿದರೆ ಸಾಕು, 60 ದಿನ ಆರಾಮಾಗಿ ಇರಬಹುದು, ಅಲ್ಲೇ ಕೆಲಸವನ್ನೂ ಹುಡುಕಿಕೊಳ್ಳಬಹುದು. ಈ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ನಿಮ್ಮ ಮನೆಯ ಗುಂಪಿಗೂ ಬಂದಿರಬಹುದು.

ಇದರಲ್ಲಿ ಮೊದಲ ಮಾತು ನಿಜ. ಎರಡನೆಯದೂ ಮೂರನೆಯದೂ ಅರ್ಧ ನಿಜ. ಕೊನೆಯದು ಪೂರ್ತಿ ಸುಳ್ಳು, ಅದನ್ನು ನಂಬಿ ಹೋದವರು ದೊಡ್ಡ ಬೆಲೆ ತೆತ್ತಿದ್ದಾರೆ. ಒಂದೊಂದಾಗಿ ನೋಡೋಣ.

"ವೀಸಾ ಬೇಡ" ಎಂದರೆ ನಿಜವಾಗಿ ಏನು?

ವೀಸಾ ಎಂದರೆ ಹೊರಡುವ ಮೊದಲೇ ಆ ದೇಶದ ರಾಯಭಾರ ಕಚೇರಿಯಿಂದ ಪಡೆಯುವ ಪೂರ್ವಾನುಮತಿ. ಅದಕ್ಕೆ ಅರ್ಜಿ, ಶುಲ್ಕ, ಕಾಯುವಿಕೆ ಎಲ್ಲವೂ ಇರುತ್ತದೆ. "ವೀಸಾ ವಿನಾಯಿತಿ" ಎಂದರೆ ಈ ಒಂದು ಹಂತವನ್ನು ಕೈಬಿಟ್ಟಿದ್ದಾರೆ ಎಂದಷ್ಟೇ ಅರ್ಥ. ದೇಶದ ಒಳಗೆ ಬಿಡಬೇಕೋ ಬೇಡವೋ ಎಂಬ ತೀರ್ಮಾನ ಹಾಗೇ ಉಳಿದಿದೆ. ಅದನ್ನು ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರ್‌ನಲ್ಲಿ ಕುಳಿತ ಅಧಿಕಾರಿ ಮಾಡುತ್ತಾರೆ. ಅಂದರೆ ರಾಯಭಾರ ಕಚೇರಿಯಲ್ಲಿ ಮೊದಲೇ ನಡೆಯುತ್ತಿದ್ದ ಪರಿಶೀಲನೆ ಈಗ ಗಡಿಯಲ್ಲಿ ನಡೆಯುತ್ತದೆ.

ಥಾಯ್ಲೆಂಡ್‌ನ 1979ರ ವಲಸೆ ಕಾಯ್ದೆಯ 12ನೇ ಕಲಮು ಯಾರನ್ನು ಒಳಗೆ ಬಿಡಬಾರದು ಎಂದು ಪಟ್ಟಿ ಮಾಡುತ್ತದೆ. ಸರಿಯಾದ ಪಾಸ್‌ಪೋರ್ಟ್ ಇಲ್ಲದವರು, ಅಲ್ಲಿ ಇರುವಷ್ಟು ದಿನ ಖರ್ಚಿಗೆ ದಾರಿ ಇಲ್ಲದವರು, ಕೂಲಿ ಕೆಲಸಕ್ಕೆಂದು ಬಂದವರು ಆ ಪಟ್ಟಿಯಲ್ಲಿದ್ದಾರೆ. ವೀಸಾ ವಿನಾಯಿತಿ ಸಿಕ್ಕ ದೇಶದವರಿಗೂ ಈ ಕಲಮು ಅನ್ವಯಿಸುತ್ತದೆ. ವೀಸಾ ಇರುವವರಿಗೂ ಅನ್ವಯಿಸುತ್ತದೆ.

"ವೀಸಾ ಇಲ್ಲದೆ ಹೋಗಬಹುದಾದ ದೇಶಗಳು" ಎಂಬ ಪಟ್ಟಿಗಳಲ್ಲಿ ಇನ್ನೊಂದು ಗೊಂದಲವಿದೆ. ವೀಸಾ ಪೂರ್ತಿ ಮನ್ನಾ ಮಾಡಿದ ದೇಶ, ಇಳಿದ ಮೇಲೆ ಹಣ ಕಟ್ಟಿ ವೀಸಾ ಪಡೆಯುವ ದೇಶ, ಹೊರಡುವ ಮೊದಲು ಆನ್‌ಲೈನ್ ಅನುಮತಿ ಕೇಳುವ ದೇಶ ಈ ಮೂರನ್ನೂ ಒಂದೇ ಪಟ್ಟಿಗೆ ಸೇರಿಸಿರುತ್ತಾರೆ. ಮೂರಕ್ಕೂ ತಯಾರಿ ಬೇರೆ ಬೇರೆ.

ಎಷ್ಟು ದಿನ? ಸಂದೇಶದ ತಾರೀಕು ನೋಡಿ

ಭಾರತೀಯರಿಗೆ ಥಾಯ್ಲೆಂಡ್ ನಿಯಮ ಕೆಲವೇ ವರ್ಷಗಳಲ್ಲಿ ಹಲವು ಬಾರಿ ಬದಲಾಗಿದೆ.

- ಮೊದಲು: ಅಲ್ಲಿ ಇಳಿದ ಮೇಲೆ 2,000 ಬಾತ್ ಕಟ್ಟಿ 15 ದಿನದ ವೀಸಾ ಪಡೆಯಬೇಕಿತ್ತು.
- 2023ರ ನವೆಂಬರ್ 10ರಿಂದ: ತಾತ್ಕಾಲಿಕ ಯೋಜನೆಯಲ್ಲಿ ವೀಸಾ ಇಲ್ಲದೆ 30 ದಿನ.
- 2024ರ ಜುಲೈ 15ರಿಂದ: ಭಾರತ ಸೇರಿ 93 ದೇಶ ಮತ್ತು ಪ್ರದೇಶಗಳವರಿಗೆ ವೀಸಾ ಇಲ್ಲದೆ 60 ದಿನ.
- 2025ರಲ್ಲಿ: 60 ದಿನವನ್ನು ಮತ್ತೆ 30ಕ್ಕೆ ಇಳಿಸುವ ಮಾತನ್ನು ಅಲ್ಲಿನ ಸರ್ಕಾರವೇ ಆಡಿತು.

ಹಾಗಾಗಿ ಒಂದು ಫಾರ್ವರ್ಡ್ ಬರೆದ ದಿನ ಸರಿಯಾಗಿದ್ದು, ನಿಮ್ಮ ಕೈಗೆ ಬರುವಾಗ ತಪ್ಪಾಗಿರಬಹುದು. ಟಿಕೆಟ್ ಬುಕ್ ಮಾಡುವ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. ಕೊನೆಗೆ ಲೆಕ್ಕಕ್ಕೆ ಬರುವುದು ನಿಮ್ಮ ಪಾಸ್‌ಪೋರ್ಟ್‌ಗೆ ಒತ್ತಿದ ಮುದ್ರೆಯಲ್ಲಿರುವ ಕೊನೆಯ ದಿನಾಂಕ. ಕೌಂಟರ್ ಬಿಡುವ ಮೊದಲೇ ಅದನ್ನು ಓದಿಕೊಳ್ಳಿ.

ದಿನಗಳ ಲೆಕ್ಕದಲ್ಲಿ ಎಡವಬೇಡಿ

60 ದಿನ ಎಂದರೆ ಎರಡು ತಿಂಗಳು ಅಲ್ಲ. ನೀವು ಇಳಿದ ದಿನವೇ ಮೊದಲನೆಯ ದಿನ. ಉದಾಹರಣೆಗೆ, ಜುಲೈ 1ರಂದು ಇಳಿದು 60 ದಿನದ ಮುದ್ರೆ ಸಿಕ್ಕಿದರೆ ಕೊನೆಯ ದಿನ ಆಗಸ್ಟ್ 29. "ಎರಡು ತಿಂಗಳು" ಎಂದುಕೊಂಡು ಆಗಸ್ಟ್ 31ಕ್ಕೆ ಟಿಕೆಟ್ ಮಾಡಿದವರು ಎರಡು ದಿನ ಹೆಚ್ಚು ಉಳಿದಂತಾಗುತ್ತದೆ.

ಹೆಚ್ಚು ಉಳಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000 ಬಾತ್. 90 ದಿನಕ್ಕಿಂತ ಹೆಚ್ಚು ಉಳಿದು ತಾವಾಗಿಯೇ ಹೊರಟರೂ ಒಂದು ವರ್ಷ ಮರುಪ್ರವೇಶ ಇಲ್ಲ. ಅವಧಿ ಮೀರಿ ಉಳಿದಾಗ ಪೊಲೀಸರ ಕೈಗೆ ಸಿಕ್ಕಿಬಿದ್ದರೆ ನಿಷೇಧ ಕನಿಷ್ಠ 5 ವರ್ಷ. ನಿಜವಾಗಿಯೂ ಹೆಚ್ಚು ದಿನ ಬೇಕಿದ್ದರೆ ಅವಧಿ ಮುಗಿಯುವ ಮೊದಲೇ ಅಲ್ಲಿನ ಇಮಿಗ್ರೇಷನ್ ಕಚೇರಿಗೆ ಹೋಗಿ 1,900 ಬಾತ್ ಶುಲ್ಕ ಕಟ್ಟಿ ವಿಸ್ತರಣೆ ಕೇಳಬಹುದು. ಕೊಡುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು.

ಡಿಜಿಟಲ್ ಅರೈವಲ್ ಕಾರ್ಡ್: ಉಚಿತ, ಆದರೆ ಕಡ್ಡಾಯ

ಹಿಂದೆ ವಿಮಾನದಲ್ಲೇ ಒಂದು ಚೀಟಿ ಕೊಟ್ಟು ತುಂಬಿಸಿಕೊಳ್ಳುತ್ತಿದ್ದರು. ಅದರ ಬದಲಿಗೆ 2025ರ ಮೇ 1ರಿಂದ ಆನ್‌ಲೈನ್ ಕಾರ್ಡ್ ಬಂದಿದೆ. ಅದರ ಹೆಸರು ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್, ಚುಟುಕಾಗಿ ಟಿಡಿಎಸಿ. ನಿಮ್ಮ ವಿವರ, ವಿಮಾನದ ಸಂಖ್ಯೆ, ಉಳಿಯುವ ಜಾಗದ ವಿಳಾಸ, ಇತ್ತೀಚೆಗೆ ಹೋಗಿಬಂದ ದೇಶಗಳು ಇವನ್ನು ತುಂಬಬೇಕು. ತಲುಪುವ ದಿನಕ್ಕೆ ಮೊದಲಿನ ಮೂರು ದಿನಗಳೊಳಗೆ ತುಂಬಿದರೆ ಸಾಕು. ಮಕ್ಕಳಿಗೂ ಪ್ರತ್ಯೇಕ ಕಾರ್ಡ್ ಬೇಕು. ಇಮಿಗ್ರೇಷನ್ ದಾಟದೆ ಬ್ಯಾಂಕಾಕ್‌ನಲ್ಲಿ ವಿಮಾನ ಬದಲಿಸಿ ಮುಂದೆ ಹೋಗುವವರಿಗೆ ಬೇಡ.

ಇದು ವೀಸಾ ಅಲ್ಲ. ಇದಕ್ಕೆ ಒಂದು ಪೈಸೆಯೂ ಇಲ್ಲ. ಆದರೂ ಹುಡುಕಾಟದಲ್ಲಿ ಮೇಲೆ ಜಾಹೀರಾತಾಗಿ ಬರುವ ಕೆಲವು ವೆಬ್‌ಸೈಟ್‌ಗಳು ಸರ್ಕಾರಿ ಪುಟದಂತೆಯೇ ಕಂಡು, ಇದೇ ಕಾರ್ಡಿಗೆ ಹಣ ಕೇಳುತ್ತವೆ. ಪಾಸ್‌ಪೋರ್ಟ್ ವಿವರ, ಕಾರ್ಡ್ ಸಂಖ್ಯೆ ಎರಡೂ ಅವರ ಪಾಲಾಗುತ್ತವೆ. ಥಾಯ್ ಸರ್ಕಾರದ ನಿಜವಾದ ವಿಳಾಸ "ಜಿಒ ಡಾಟ್ ಟಿಎಚ್" ಎಂದು ಕೊನೆಯಾಗುತ್ತದೆ. ಹಣ ಕೇಳಿದರೆ ಅಲ್ಲೇ ನಿಲ್ಲಿಸಿ. ಹಣ ಹೋಗಿದ್ದರೆ ತಡ ಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೈಯಲ್ಲಿ ಏನೇನು ಇರಬೇಕು?

- ಪಾಸ್‌ಪೋರ್ಟ್: ಕನಿಷ್ಠ 6 ತಿಂಗಳ ಅವಧಿ ಉಳಿದಿರಲಿ, ಮುದ್ರೆಗೆ ಖಾಲಿ ಪುಟ ಇರಲಿ. ಆಧಾರ್, ಮತದಾರರ ಗುರುತಿನ ಚೀಟಿ ನಡೆಯುವುದಿಲ್ಲ. ಭಾರತೀಯರು ಮತದಾರರ ಚೀಟಿಯಲ್ಲಿ ಹೋಗಬಹುದಾದ ನೇಪಾಳ, ಭೂತಾನ್ ವಿಷಯವೇ ಬೇರೆ.
- ಮರಳುವ ಅಥವಾ ಮುಂದಿನ ದೇಶಕ್ಕೆ ಹೋಗುವ ಟಿಕೆಟ್: ನಿಮಗೆ ಸಿಗುವ ದಿನಗಳ ಒಳಗಿನದಾಗಿರಬೇಕು.
- ಉಳಿಯುವ ಜಾಗದ ಬುಕಿಂಗ್: ಟಿಡಿಎಸಿಯಲ್ಲಿ ಬರೆದ ವಿಳಾಸಕ್ಕೂ ಇದಕ್ಕೂ ತಾಳೆ ಇರಲಿ.
- ಖರ್ಚಿಗೆ ಹಣ: ನಗದು, ಫಾರೆಕ್ಸ್ ಕಾರ್ಡ್, ಬ್ಯಾಂಕ್ ವಿವರ ಯಾವುದನ್ನಾದರೂ ತೋರಿಸಿ ಎನ್ನಬಹುದು. ಎಲ್ಲರನ್ನೂ ಕೇಳುವುದಿಲ್ಲ. ಕೇಳಿದಾಗ ಇಲ್ಲ ಎನ್ನುವಂತಿಲ್ಲ.
- ಟಿಡಿಎಸಿಯ ಕ್ಯೂಆರ್ ಕೋಡ್: ಮೊಬೈಲ್ ಚಾರ್ಜ್ ಮುಗಿದರೆ ಎಂದು ಒಂದು ಪ್ರಿಂಟ್ ಇಟ್ಟುಕೊಳ್ಳುವುದು ಒಳ್ಳೆಯದು.

ಏನು ತರಬಾರದು ಎಂಬುದೂ ಗೊತ್ತಿರಲಿ. ಥಾಯ್ಲೆಂಡ್‌ನಲ್ಲಿ ಇ-ಸಿಗರೇಟ್ ತರುವುದು ನಿಷಿದ್ಧ.

ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲೇ ಏಕೆ ತಡೆಯುತ್ತಾರೆ?

"ವೀಸಾನೇ ಬೇಡ ಅಂದಮೇಲೆ ವಿಮಾನ ಕಂಪನಿಯವರಿಗೇನು?" ಎಂದು ಕೇಳುವವರಿದ್ದಾರೆ. ಕಾರಣ ಸರಳ. ಪ್ರವೇಶ ನಿರಾಕರಿಸಿದ ಪ್ರಯಾಣಿಕರನ್ನು ವಾಪಸ್ ಕರೆತರುವ ಹೊಣೆ ಅವರನ್ನು ಕರೆದೊಯ್ದ ವಿಮಾನ ಕಂಪನಿಯ ಮೇಲೆ ಬೀಳುತ್ತದೆ. ಹಾಗಾಗಿ ಅವರು ಮೊದಲೇ ಪಾಸ್‌ಪೋರ್ಟ್ ಅವಧಿ, ಮರಳುವ ಟಿಕೆಟ್ ನೋಡುತ್ತಾರೆ. ಇಲ್ಲದಿದ್ದರೆ ಹತ್ತಿಸುವುದಿಲ್ಲ.

ಇದಕ್ಕೆ ಉಪಾಯವೆಂದು "ಡಮ್ಮಿ ಟಿಕೆಟ್" ಮಾರುವವರಿದ್ದಾರೆ. ನಕಲಿ ಬುಕಿಂಗ್ ಸಂಖ್ಯೆಯನ್ನು ಕಂಪ್ಯೂಟರ್‌ನಲ್ಲಿ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಆಗ ಟಿಕೆಟ್ ಇಲ್ಲ ಎಂಬುದಕ್ಕಿಂತ ಸುಳ್ಳು ಹೇಳಿದಿರಿ ಎಂಬುದೇ ದೊಡ್ಡ ಸಮಸ್ಯೆಯಾಗುತ್ತದೆ.

ಅಲ್ಲಿ ಹೋಗಿ ಕೆಲಸ ಮಾಡಬಹುದೇ?

ಇಲ್ಲ. ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ವೀಸಾ ವಿನಾಯಿತಿ ಇರುವುದು ಪ್ರವಾಸಕ್ಕೆ ಮತ್ತು ಮೀಟಿಂಗ್‌ನಂಥ ಅಲ್ಪಾವಧಿ ವ್ಯವಹಾರಕ್ಕೆ. ಸಂಬಳದ ಕೆಲಸಕ್ಕೆ ಬೇರೆ ವೀಸಾ ಬೇಕು, ಜೊತೆಗೆ ವರ್ಕ್ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಕೆಲಸ ಮಾಡಿದ ವಿದೇಶಿಯರಿಗೆ ಅಲ್ಲಿ 5,000ದಿಂದ 50,000 ಬಾತ್ ದಂಡ ಮತ್ತು ಗಡೀಪಾರು.

ದಂಡ ಕಟ್ಟಿ ಮರಳಿದವರೇ ಅದೃಷ್ಟವಂತರು ಎನ್ನಬೇಕು. "ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ಒಳ್ಳೆ ಸಂಬಳ, ವೀಸಾ ಬೇಡ, ನಾಳೆಯೇ ಹೊರಡಿ" ಎಂಬ ಆಮಿಷಕ್ಕೆ ಹೋದವರನ್ನು ಬ್ಯಾಂಕಾಕ್‌ನಿಂದ ಪಶ್ಚಿಮ ಗಡಿಯ ಮೇ ಸೋಟ್ ಪಟ್ಟಣಕ್ಕೆ ಕರೆದೊಯ್ದು, ಅಲ್ಲಿಂದ ನದಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಾಡಿ ಪ್ರದೇಶಕ್ಕೆ ಸಾಗಿಸುವ ಜಾಲವಿದೆ. ಅಲ್ಲಿ ಬೇಲಿಯೊಳಗೆ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ವಂಚನೆ ಮಾಡಿಸುತ್ತಾರೆ. ನಮ್ಮ ಊರಿನವರಿಗೆ ಬರುವ ನಕಲಿ ಹೂಡಿಕೆ ಸಂದೇಶಗಳು ಇಂಥ ಕೇಂದ್ರಗಳಿಂದಲೂ ಬರುತ್ತವೆ.

ಭಾರತದ ವಿದೇಶಾಂಗ ಸಚಿವಾಲಯ ಈ ಬಗ್ಗೆ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ ಹೀಗೆ ಸಿಲುಕಿದ್ದ 283 ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಮೇ ಸೋಟ್‌ನಿಂದ ಕರೆತರಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ ವಿಮಾನ ಕಳುಹಿಸಬೇಕಾಯಿತು. ವೀಸಾ ವಿನಾಯಿತಿಯನ್ನು ಕೆಲಸಕ್ಕೆ ಸೇರಲು ಬಳಸಬಾರದು ಎಂದು ಭಾರತೀಯ ಅಧಿಕಾರಿಗಳು ಆಗ ಸ್ಪಷ್ಟವಾಗಿ ಹೇಳಿದರು.

ವೀಸಾ ಅರ್ಜಿ ಇದ್ದಿದ್ದರೆ ಕಂಪನಿಯ ಹೆಸರು, ಒಪ್ಪಂದ, ಸಂಬಳ ಎಲ್ಲವನ್ನೂ ಒಬ್ಬರಾದರೂ ಅಧಿಕಾರಿ ನೋಡುತ್ತಿದ್ದರು. ವೀಸಾ ಬೇಡವಾದಾಗ ಆ ಕಣ್ಣು ಇರುವುದಿಲ್ಲ. ವಂಚಕರಿಗೆ ಬೇಕಿರುವುದೂ ಅದೇ. ಕೆಲಸ ಕೊಡುತ್ತೇನೆ ಎನ್ನುವವರೇ "ಇಮಿಗ್ರೇಷನ್‌ನಲ್ಲಿ ಟೂರಿಸ್ಟ್ ಅಂತ ಹೇಳಿ" ಎಂದರೆ ಅಲ್ಲಿಗೆ ಮಾತು ಮುಗಿಸಿ.

ವಿದೇಶದ ಕೆಲಸ ನಿಜವೇ ಎಂದು ತಿಳಿಯುವುದು ಹೇಗೆ?

ವಿದೇಶದಲ್ಲಿ ಕೆಲಸ ಕೊಡಿಸುವ ಏಜೆಂಟ್‌ಗೆ ಭಾರತ ಸರ್ಕಾರದ ನೋಂದಣಿ ಇರಬೇಕು. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಹೆಸರಿಲ್ಲದಿದ್ದರೆ ದೂರವಿರಿ.

ಪಾಸ್‌ಪೋರ್ಟ್‌ನಲ್ಲಿ "ಇಸಿಆರ್" ಎಂದಿರುವವರು, ಅಂದರೆ ಸಾಮಾನ್ಯವಾಗಿ ಹತ್ತನೇ ತರಗತಿ ಮುಗಿಸದವರು, 18 ದೇಶಗಳಿಗೆ ಕೆಲಸಕ್ಕೆ ಹೋಗಲು ಭಾರತದಿಂದಲೇ ವಲಸೆ ಅನುಮತಿ ಪಡೆಯಬೇಕು. ಥಾಯ್ಲೆಂಡ್, ಮಲೇಷ್ಯಾ, ಕೊಲ್ಲಿ ದೇಶಗಳು ಆ ಪಟ್ಟಿಯಲ್ಲಿವೆ. ಪ್ರವಾಸಿಯಂತೆ ಹೊರಟರೆ ಈ ರಕ್ಷಣೆಯೂ ತಪ್ಪುತ್ತದೆ. ಈಗಾಗಲೇ ಯಾರಾದರೂ ಸಿಲುಕಿದ್ದರೆ ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿಗೆ, ಅಥವಾ ವಿದೇಶಾಂಗ ಸಚಿವಾಲಯದ "ಮದದ್" ಪೋರ್ಟಲ್‌ನಲ್ಲಿ ಮನೆಯವರು ದೂರು ಕೊಡಬಹುದು.

ಮರಳುವಾಗ ಒಂದು ಎಚ್ಚರ

ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರ ಚೀಲಗಳಲ್ಲಿ ಹೈಡ್ರೋಪೋನಿಕ್ ಗಾಂಜಾ ಸಿಕ್ಕ ಪ್ರಕರಣಗಳು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಅಲ್ಲಿನ ಅಂಗಡಿಯಲ್ಲಿ ಸಿಕ್ಕಿತು ಎಂಬ ಉತ್ತರ ಇಲ್ಲಿನ ಕಾನೂನಿನ ಮುಂದೆ ನಡೆಯುವುದಿಲ್ಲ. "ನಮ್ಮವರಿಗೆ ಕೊಟ್ಟುಬಿಡಿ" ಎಂದು ಯಾರೋ ಕೊಟ್ಟ ಚೀಲವನ್ನು ಹಿಡಿದು ತರಬೇಡಿ. ಟಿಕೆಟ್ ಖರ್ಚು ನಮ್ಮದು ಎಂದರೂ ಸರಿ, ಬೇಡ.

ಹಾಗಾದರೆ ಸಂದೇಶ ಸುಳ್ಳೇ?

"ವೀಸಾ ಬೇಡ" ಎಂಬುದು ನಿಜ. 2024ರಲ್ಲಿ 21 ಲಕ್ಷಕ್ಕೂ ಹೆಚ್ಚು ಭಾರತೀಯರು ಥಾಯ್ಲೆಂಡ್‌ಗೆ ಹೋಗಿದ್ದಾರೆ. ಸರಿಯಾದ ಕಾಗದ ಇದ್ದವರಿಗೆ ಹೆದರಿಕೆಯ ಅಗತ್ಯವಿಲ್ಲ. ಆದರೆ "ಪಾಸ್‌ಪೋರ್ಟ್ ಸಾಕು" ಎಂಬುದು ತಪ್ಪು. "ಕೆಲಸ ಹುಡುಕಬಹುದು" ಎಂಬುದು ಒಂದು ಜೀವವನ್ನೇ ಅಪಾಯಕ್ಕೆ ತಳ್ಳಬಲ್ಲ ಸುಳ್ಳು.

ಇಂಥ ಸಂದೇಶ ಗುಂಪಿಗೆ ಬಂದರೆ ಮುಂದೆ ಕಳಿಸುವ ಮೊದಲು ಮೂರು ವಿಷಯ ನೋಡಿ: ಅದರಲ್ಲಿ ತಾರೀಕು ಇದೆಯೇ, ಲಿಂಕ್ ಇದ್ದರೆ ಅದು ಸರ್ಕಾರದ್ದೇ, ಕೆಲಸದ ಮಾತು ಇದೆಯೇ. ಕೆಲಸದ ಮಾತು ಇದ್ದರೆ ಫಾರ್ವರ್ಡ್ ಮಾಡಬೇಡಿ. ಗುಂಪಿನಲ್ಲಿ ಯಾರಾದರೂ ಹೊರಡಲು ತಯಾರಾಗಿದ್ದರೆ ಅವರಿಗೆ ಇವತ್ತೇ ಫೋನ್ ಮಾಡಿ.