ಉಷ್ಣ, ಶೀತ ಮತ್ತು ಕ್ರೈಸ್ತ ಭಾವನೆ: ಕದ್ವಾಡದಿಂದ ಒಂದು ನೋಟ

ಕಾಳೀನದಿಯ ದಕ್ಷಿಣ ದಂಡೆಯ ಮೇಲೆ, ಸಮುದ್ರದಿಂದ ಕೆಲವೇ ಮೈಲು ಒಳಕ್ಕಿರುವ ಕದ್ವಾಡವು ಇಂದು ಒಂದು ಗ್ರಾಮ. ಕಾರವಾರವೆಂಬ ಹೆಸರು ಇದರಿಂದಲೇ ಹುಟ್ಟಿತೆಂದು ಹೇಳುವುದುಂಟು. ಇಲ್ಲಿ ಚೈತ್ರ ವೈಶಾಖಗಳ ಧಗೆಯನ್ನು ಜೂನ್ ತಿಂಗಳ ಮಳೆ ಒಮ್ಮೆಗೇ ತಣಿಸುವುದು. ಮಾಗಿಯ ಚಳಿಯೆಂದರೆ ಒಂದು ಕಂಬಳಿಯಷ್ಟು ಚಳಿ. ನೀರು ಗಡ್ಡೆಗಟ್ಟುವುದನ್ನು ಈ ನೆಲ ಕಂಡಿಲ್ಲ. ಇಂಥ ನೆಲದಲ್ಲಿ ಬೇರೂರಿದ ಕ್ರೈಸ್ತ ಜನಕ್ಕೆ ಯೂರೋಪಿನ ಪಾದ್ರಿಗಳು ಭಕ್ತಿಯನ್ನು ಬೆಂಕಿಯೆಂದೂ ಅಭಕ್ತಿಯನ್ನು ಶೀತವೆಂದೂ ಬೋಧಿಸಿದರು. ಆ ರೂಪಕವು ಕ್ರಿಸ್ತಮತದ್ದೋ, ಉತ್ತರದ ಹವೆಯದೋ ಎಂಬುದೇ ನಮ್ಮ ಪ್ರಶ್ನೆ.

ಪ್ರಶ್ನೆಗೆ ಮೊದಲು ಮೆಣಸಿನ ಮಾತು ಬರಬೇಕು. 1638ರಲ್ಲಿ ಕೋರ್ಟಿನ್ ಸಂಘದ ಆಂಗ್ಲರು ಕಾರವಾರದಲ್ಲಿ ವ್ಯಾಪಾರಕ್ಕೆ ತೊಡಗಿದಾಗ ಅವರನ್ನು ಸೆಳೆದ ಸರಕುಗಳಲ್ಲಿ ಘಟ್ಟದ ಮೆಣಸು ಮುಖ್ಯವಾದುದು. ಈ ವಸ್ತುವಿನ ಗುಣದ ವಿಷಯದಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಭಾಷೆ ಒಂದೇ ಇದ್ದಿತು. ಗ್ಯಾಲೆನನ ವೈದ್ಯವನ್ನು ನಂಬಿದ ಯೂರೋಪಿಯನನಿಗೆ ಮೆಣಸು ಉಷ್ಣ, ಶುಷ್ಕ. ನಮ್ಮ ಅಡಿಗೆಮನೆಯ ಮುದುಕಿಗೂ ಅದು ಉಷ್ಣವೇ, ಅದರ ಬಾಧೆಗೆ ಮುರುಗಲಿನ ಪಾನಕವೇ ಮದ್ದು. ಎರಡು ಕಡೆಯ ವೈದ್ಯರಿಗೂ ಆರೋಗ್ಯವೆಂದರೆ ಬಿಸಿಯ ಗೆಲುವಲ್ಲ, ಬಿಸಿ ತಂಪುಗಳ ಸಮತೆ.

ಈ ಸಮತೆಯನ್ನು ಗೋವೆಯಲ್ಲಿ ಕುಳಿತು ಶೋಧಿಸಿದವನು ಪೋರ್ತುಗೀಜ ವೈದ್ಯ ಗಾರ್ಸಿಯಾ ದ ಓರ್ತಾ. ಭಾರತದ ಮದ್ದುಗಳನ್ನು ಕುರಿತ ಅವನ ಸಂವಾದಗ್ರಂಥವು 1563ರಲ್ಲಿ ಅಲ್ಲಿಯೇ ಅಚ್ಚಾಯಿತು. ಯಾವುದು ಎಷ್ಟು ಉಷ್ಣ, ಯಾವುದು ಎಷ್ಟು ಶೀತ ಎಂಬ ಚರ್ಚೆ ಆ ಗ್ರಂಥದಲ್ಲಿ ಮತ್ತೆ ಮತ್ತೆ ಬರುವುದು. ಅವನು ಯೆಹೂದ್ಯ ಮೂಲದ ನವಕ್ರೈಸ್ತರ ಮನೆತನದವನು. 1568ರಲ್ಲಿ ತೀರಿಕೊಂಡನು. ಗೋವೆಯ ಮತವಿಚಾರಣಾಸಭೆಯು 1580ರಲ್ಲಿ ಅವನ ಎಲುಬುಗಳನ್ನು ಗೋರಿಯಿಂದ ತೆಗೆಸಿ ಸುಡಿಸಿತು. ಸತ್ತವನ ಮೇಲೂ ಆರದ ಉರಿಯನ್ನು ಅಂದಿನವರು ಶ್ರದ್ಧೆಯ ಉತ್ಸಾಹವೆಂದು ಕರೆದರು. 1560ರಲ್ಲಿ ಸ್ಥಾಪಿತವಾದ ಈ ಸಭೆಯು, ನಡುವೆ ಕೆಲವು ವರ್ಷ ನಿಂತಿದ್ದರೂ, 1812ರವರೆಗೆ ನಡೆಯಿತು. ಗೋವೆಯಿಂದ ದಕ್ಷಿಣಕ್ಕೆ ಸರಿದ ಕೊಂಕಣಿ ಜನರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಬರ, ತೆರಿಗೆ, ಯುದ್ಧಗಳೊಡನೆ ಈ ಭಯವೂ ಅವರನ್ನು ಹೊರಡಿಸಿತು. ಬೆಂಕಿಯ ರೂಪಕವನ್ನು ಇವರು ಹೇಗೆ ಕೇಳಿರಬೇಕೆಂಬುದನ್ನು ಚರಿತ್ರೆಕಾರನು ಯೋಚಿಸದೆ ಮುಂದೆ ಹೋಗಲಾಗದು.

ಇನ್ನು ಧರ್ಮಗ್ರಂಥವನ್ನೇ ನೋಡೋಣ. ಬೈಬಲು ಹುಟ್ಟಿದ ನಾಡು ಬಿಸಿಲಿನ ನಾಡು. ಅಲ್ಲಿ ತಂಪು ಶಾಪವಲ್ಲ, ವರ. ನಂಬಿಕೆಯ ದೂತನನ್ನು ಜ್ಞಾನೋಕ್ತಿಗಳ ಕರ್ತೃವು ಸುಗ್ಗಿಯ ಕಾಲದ ಹಿಮದ ತಂಪಿಗೆ ಹೋಲಿಸುವನು. ಯೇಸುವು ಒಂದು ಬಟ್ಟಲು ತಣ್ಣೀರನ್ನು ಕೊಟ್ಟವನಿಗೂ ಪ್ರತಿಫಲವುಂಟೆನ್ನುವನು. ಪ್ರಳಯಾನಂತರದ ವಾಗ್ದಾನದಲ್ಲಿ ಬಿತ್ತನೆ ಕೊಯ್ಲುಗಳಂತೆ ಶೀತ ಉಷ್ಣಗಳೂ ಜೋಡಿಯಾಗಿಯೇ ಬರುವುವು. ಕಥೋಲಿಕರ ದಾನಿಯೇಲ ಗ್ರಂಥದಲ್ಲಿ ಬಾಬಿಲೋನಿನ ಕುಲುಮೆಗೆ ಎಸೆಯಲ್ಪಟ್ಟ ಮೂವರು ತರುಣರು ಸೃಷ್ಟಿಯನ್ನೆಲ್ಲ ಸ್ತುತಿಗೆ ಕರೆಯುವಾಗ ಬೆಂಕಿಯನ್ನೂ ಕರೆಯುವರು, ಇಬ್ಬನಿ ಹಿಮಗಳನ್ನೂ ಕರೆಯುವರು. ತಮ್ಮನ್ನು ಸುಡಲು ಹೊತ್ತಿಸಿದ ಬೆಂಕಿಯ ಮೇಲೂ ಅವರಿಗೆ ಹಗೆಯಿಲ್ಲ.

ಪ್ರತಿವಾದಿಯು ಪ್ರಕಟನೆಯ ಗ್ರಂಥವನ್ನು ಮುಂದಿಡಬಹುದು. ಲವೊದಿಕೀಯದ ಸಭೆಯು ಬಿಸಿಯೂ ಅಲ್ಲ, ತಣ್ಣಗೂ ಅಲ್ಲವೆಂದು ಅಲ್ಲಿ ನಿಂದಿತವಾಗಿದೆ. ಬಹುಕಾಲ ವ್ಯಾಖ್ಯಾನಕಾರರು ಬಿಸಿಯನ್ನು ವಿಶ್ವಾಸವೆಂದೂ ತಣ್ಣಗಿರುವುದನ್ನು ಅವಿಶ್ವಾಸವೆಂದೂ ಬಗೆದರು. ಹಾಗಾದರೆ ಅವಿಶ್ವಾಸವೂ ಲೇಸೆಂದು ಗ್ರಂಥವು ಹೇಳಿದಂತಾಗುವುದು. ಈ ತೊಡಕಿಗೆ ಅವರಲ್ಲಿ ಸರಿಯಾದ ಉತ್ತರವಿರಲಿಲ್ಲ. 1957ರ ಸುಮಾರಿಗೆ ರಡ್ವಿಕ್ ಮತ್ತು ಗ್ರೀನ್ ಎಂಬ ಆಂಗ್ಲ ವಿದ್ವಾಂಸರು ಭೂಗೋಳದಿಂದ ಉತ್ತರ ಕೊಟ್ಟರು. ಸಮೀಪದ ಹಿಯೆರಾಪೊಲಿಯ ಬಿಸಿನೀರಿನ ಬುಗ್ಗೆಗಳು ರೋಗಿಗೆ ಹಿತ. ಕೊಲೊಸ್ಸೆಯ ತಣ್ಣೀರು ಬಾಯಾರಿದವನಿಗೆ ಹಿತ. ಲವೊದಿಕೀಯದ ಉಗುರುಬೆಚ್ಚಗಿನ ನೀರು ಎರಡಕ್ಕೂ ಒದಗದು. ಈ ಅರ್ಥವನ್ನು ಎಲ್ಲರೂ ಒಪ್ಪಿಲ್ಲವಾದರೂ ನಮಗೆ ಇದೇ ಯುಕ್ತವೆಂದು ತೋರುವುದು. ಏಪ್ರಿಲ್ ಮಧ್ಯಾಹ್ನದಲ್ಲಿ ಕದ್ವಾಡದ ಗದ್ದೆಬಯಲನ್ನು ದಾಟಿ ಬಂದವನಿಗೆ ಈ ವ್ಯಾಖ್ಯಾನಕ್ಕೆ ಪಂಡಿತರ ಸಾಕ್ಷಿ ಬೇಕಾಗಲಾರದು.

ನಮ್ಮ ನುಡಿಯೂ ಇದೇ ಪಕ್ಷದ್ದು. ಹರಸುವಾಗ ಹೊಟ್ಟೆ ತಣ್ಣಗಿರಲಿ ಎನ್ನುವೆವು. ಅಸೂಯೆಗೆ ಹೊಟ್ಟೆಕಿಚ್ಚೆಂಬುದೇ ಹೆಸರು. ನರಕದ ಕಲ್ಪನೆಯಲ್ಲಿಯೂ ಉರಿಯೊಂದೇ ಅಲ್ಲ: ಜೈನರ ಮೇಲಿನ ನರಕಗಳು ಉಷ್ಣ, ಕೆಳಗಿನವು ಅತಿಶೀತ, ಇಟಲಿಯ ದಾಂತೆಯೂ ದ್ರೋಹಿಗಳನ್ನು ನರಕದ ತಳದಲ್ಲಿ ಹೆಪ್ಪುಗಟ್ಟಿದ ಸರೋವರದಲ್ಲಿ ಹುಗಿದನು. ಪ್ರಕೃತಿಯ ಎರಡು ತುದಿಗಳಲ್ಲಿಯೂ ಮನುಷ್ಯನು ಬದುಕಲಾರನೆಂಬುದು ಎಲ್ಲರಿಗೂ ತಿಳಿದಿದ್ದಿತು.

ಆದುದರಿಂದ ದಯೆಯು ಋತುವನ್ನು ನೋಡಿ ನಡೆಯುವುದು. ಕನ್ನಡ ಶಾಸನಗಳಲ್ಲಿ ದಾರಿಗರ ಅರವಟ್ಟಿಗೆಗೆ ಬಿಟ್ಟ ದತ್ತಿಗಳುಂಟು. ಚಳಿಗೆ ಅಗ್ಗಿಷ್ಟಿಗೆಯನ್ನು ಉರಿಸಲು ಬಿಟ್ಟ ದತ್ತಿಗಳೂ ಉಂಟು. ಉತ್ತರ ಕನ್ನಡದಲ್ಲಿ ಬಂದವರನ್ನು ಆಸರಿಗೆ ಏನು ಬೇಕೆಂದು ಕೇಳುವ ವಾಡಿಕೆ ಇಂದಿಗೂ ಇದೆ. ಅಪೊಸ್ತಲರ ಕೃತ್ಯಗಳಲ್ಲಿ ಹಡಗು ಒಡೆದು ಮಾಲ್ಟಾ ದ್ವೀಪವನ್ನು ಸೇರಿದ ಪೌಲನಿಗೂ ಅವನ ಸಂಗಡಿಗರಿಗೂ ಅನ್ಯಮತದ ದ್ವೀಪವಾಸಿಗಳು ಮಳೆ ಚಳಿಗಳನ್ನು ಕಂಡು ಬೆಂಕಿ ಹಾಕಿಕೊಟ್ಟರು. ಅಲ್ಲಿ ಬೆಂಕಿ, ಇಲ್ಲಿ ಬೆಲ್ಲನೀರು. ಕೊಡುವ ಕೈ ಒಂದೇ ಬಗೆಯದು.

ಬೆಂಕಿಯ ಹತ್ತಿರವಿದ್ದವರೆಲ್ಲ ಭಕ್ತರಲ್ಲವೆಂಬುದಕ್ಕೆ ಯೋಹಾನನ ಸುವಾರ್ತೆಯಲ್ಲಿಯೇ ಸಾಕ್ಷಿಯಿದೆ. ಪೇತ್ರನು ಚಳಿಯ ರಾತ್ರಿಯಲ್ಲಿ ಮಹಾಯಾಜಕನ ಅಂಗಳದ ಇದ್ದಲ ಬೆಂಕಿಗೆ ಮೈಕಾಯಿಸುತ್ತ ನಿಂತು ಗುರುವನ್ನು ಅರಿಯೆನೆಂದನು. ಇದ್ದಲ ಬೆಂಕಿಯನ್ನು ಹೇಳುವ ಆ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ, ಅದೇ ಸುವಾರ್ತೆಯ ಕೊನೆಯಲ್ಲಿ, ಬರುವುದು: ಬೆಳಗಿನ ಜಾವ, ಸರೋವರದ ದಡ, ಕೆಂಡದ ಮೇಲೆ ಮೀನು, ರಾತ್ರಿಯೆಲ್ಲ ಬಲೆ ಬೀಸಿ ದಣಿದ ಬೆಸ್ತರಿಗೆ ಊಟದ ಕರೆ. ಕಾರವಾರ ಅಂಕೋಲೆಗಳ ಮೀನುಗಾರನಿಗೆ ಇದರ ಭಾಷ್ಯ ಬೇಕಿಲ್ಲ. ಅಲ್ಲಿಯೇ ಪೇತ್ರನಿಗೆ, ನಿರಾಕರಿಸಿದಷ್ಟೇ ಸಲ, ಪ್ರೀತಿಸುವೆಯಾ ಎಂಬ ಪ್ರಶ್ನೆ.

ಹಬ್ಬಗಳ ವಿಷಯದಲ್ಲಿ ಒಂದೆರಡು ಮಾತು. ಡಿಸೆಂಬರ್ 25ರ ಕ್ರಿಸ್ತಜಯಂತಿಯ ಹಿಮದ ಚಿತ್ರಗಳು ಯೂರೋಪಿನವು; ಸುವಾರ್ತೆಯಲ್ಲಿ ಹಿಮವಿಲ್ಲ, ಋತುವಿನ ಹೆಸರೂ ಇಲ್ಲ. ಸೆಪ್ಟೆಂಬರ್ 8ರ ಮರಿಯಮ್ಮನ ಜನನೋತ್ಸವದಲ್ಲಿ ಕೊಂಕಣಿ ಕ್ರೈಸ್ತರು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವ ಪದ್ಧತಿಯು ಮಳೆಯಿಂದ ತಣಿದ ನೆಲದ್ದು. ಈಸ್ಟರ್ ಜಾಗರಣೆಯ ಕಥೆ ಇನ್ನೂ ವಿಚಿತ್ರ. ಹೆಸರಿಗೆ ರಾತ್ರಿಯ ವಿಧಿಯಾದರೂ ಶತಮಾನಗಳ ಕಾಲ ಅದು ಶನಿವಾರ ಬೆಳಿಗ್ಗೆಯೇ ಮುಗಿಯುತ್ತಿದ್ದಿತು. ನಮ್ಮ ಕರಾವಳಿಯಲ್ಲಿ ಹೊಸ ಬೆಂಕಿಯನ್ನು ಬೇಸಗೆಯ ಬಿಸಿಲಿನಲ್ಲಿ ಹೊತ್ತಿಸಬೇಕಾಗುತ್ತಿದ್ದಿತು. 1951ರಲ್ಲಿ ಹನ್ನೆರಡನೆಯ ಪಿಯೂಸ್ ಪೋಪರು ಪ್ರಯೋಗಾರ್ಥವಾಗಿ ಅದನ್ನು ರಾತ್ರಿಗೆ ತಿರುಗಿಸಿದರು. 1955ರಲ್ಲಿ ಅದೇ ನಿಯಮವಾಯಿತು. ಆ ರಾತ್ರಿ ಹೊಸ ಬೆಂಕಿಯಿಂದ ಹೊತ್ತಿಸಿದ ದೊಡ್ಡ ಮೇಣದ ಬತ್ತಿಯ ಬುಡವನ್ನು ಗುರುವು ದೀಕ್ಷಾಸ್ನಾನದ ನೀರಿನಲ್ಲಿ ಇಳಿಸುವನು. ನೀರು ಕುದಿಯುವುದಿಲ್ಲ, ಬತ್ತಿ ಆರುವುದಿಲ್ಲ. ಬಳಿಕ ಆ ನೀರನ್ನು ನೆರೆದವರ ಮೇಲೆ ಚಿಮುಕಿಸುವರು.