ಕುಂಚಿಗೆ
ಹಸುಗೂಸಿನ ತಲೆ, ಕಿವಿ, ಬೆನ್ನನ್ನು ಒಟ್ಟಿಗೆ ಬೆಚ್ಚಗಿಡುವ, ಕೈಯಲ್ಲಿ ಹೊಲಿದ ಉಡುಪು. ಉತ್ತರ ಕರ್ನಾಟಕದಲ್ಲಿ ಕುಂಚಿ, ಕುಂಚಿಗಿ ಎಂದೂ ಹೆಸರು. ಟೊಪ್ಪಿಗೆಯಂಥ ತಲೆಭಾಗದಿಂದ ಬಟ್ಟೆ ಬೆನ್ನ ಮೇಲೆ ಇಳಿಯುತ್ತದೆ. ಗದ್ದದ ಕೆಳಗೆ ಲಾಡಿ ಕಟ್ಟುತ್ತಾರೆ. ತಲೆಗಷ್ಟೇ ಹೊಲಿದದ್ದು ಕುಲಾವಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವ ಹೊತ್ತಿಗೆ ತಾಯಿ, ಅಜ್ಜಿಯರು ಪುಟ್ಟ ಕೌದಿಯ ಜೊತೆ ಕುಂಚಿಗೆಯನ್ನೂ ಹೊಲಿದಿಡುವುದುಂಟು. ಒಳಮೈಗೆ ಒಗೆದೊಗೆದು ಮೆತ್ತಗಾದ ಹಳೆಯ ಹತ್ತಿ ಸೀರೆ, ಹೊರಮೈಗೆ ಗುಳೇದಗುಡ್ಡದ ಖಣದ ಬಟ್ಟೆ ಒಪ್ಪುತ್ತದೆ. ಕೆಲವಕ್ಕೆ ಕಸೂತಿಯ ಅಲಂಕಾರವೂ ಇರುತ್ತದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ, ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವುದಿಲ್ಲ, ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತವೆ. ಕೂಸಿನ ಎಳೆಚರ್ಮಕ್ಕೆ ಒತ್ತದ ಈ ನಯವೇ ಆ ಹೊಲಿಗೆಯ ದೊಡ್ಡ ಗುಣ.