ಸೋಲ್‌ನ ಸಭಾಂಗಣ, ಸೋಲ್‌ನ ಬೀದಿ

1992ರ ಫೆಬ್ರುವರಿ 17ರಂದು ಸೋಲ್‌ನ ಒಲಿಂಪಿಕ್ ಪಾರ್ಕ್‌ನಲ್ಲಿರುವ ಜಿಮ್ನಾಸ್ಟಿಕ್ಸ್ ಒಳಾಂಗಣ ಕ್ರೀಡಾಂಗಣದಲ್ಲಿ ಅಮೆರಿಕದ 'ನ್ಯೂ ಕಿಡ್ಸ್ ಆನ್ ದ ಬ್ಲಾಕ್' ತಂಡದ ಕಾರ್ಯಕ್ರಮವಿತ್ತು. ಬಂದವರಲ್ಲಿ ಹೆಚ್ಚಿನವರು ಶಾಲೆಗೆ ಹೋಗುವ ಹುಡುಗಿಯರು. ಹಾಡು ನಡೆಯುತ್ತಿರುವಾಗಲೇ ಜನ ವೇದಿಕೆಯತ್ತ ನುಗ್ಗಿದರು, ಮುಂದಿದ್ದವರು ಕೆಳಗೆ ಬಿದ್ದರು. ಹಲವರು ಗಾಯಗೊಂಡರು, ಒಬ್ಬ ಹುಡುಗಿ ಬದುಕಿ ಉಳಿಯಲಿಲ್ಲ. ದೊಡ್ಡವರ ಸಿಟ್ಟು ಕಾರ್ಯಕ್ರಮ ನಡೆಸಿದವರ ಮೇಲಷ್ಟೇ ಅಲ್ಲ, ವಿದೇಶಿ ಗಾಯಕರಿಗಾಗಿ ಹುಚ್ಚಾದ ಆ ಹುಡುಗಿಯರ ಮೇಲೂ ಹರಿಯಿತು.

ಅದೇ ಕಟ್ಟಡಕ್ಕೆ ಈಗ ಕೆಎಸ್‌ಪಿಒ ಡೋಮ್ ಎಂಬ ಹೆಸರು. ಇಂದು ಅಲ್ಲಿ ಕೊರಿಯದ ತಂಡಗಳು ಹಾಡುತ್ತವೆ. ಕೇಳುವವರ ಸಾಲಿನಲ್ಲಿ ಚೀನಾ, ವಿಯೆಟ್ನಾಂ, ಉಜ್ಬೇಕಿಸ್ತಾನ, ಭಾರತಗಳಿಂದ ಓದಲು ಬಂದ ವಿದ್ಯಾರ್ಥಿಗಳು ಕೂತಿರುತ್ತಾರೆ. ಕೆ-ಪಾಪ್‌ನ ಇತಿಹಾಸವನ್ನು ಸಾಮಾನ್ಯವಾಗಿ ಕಂಪನಿಗಳ, ತಾರೆಗಳ ಇತಿಹಾಸವಾಗಿ ಹೇಳುತ್ತಾರೆ. ವೇದಿಕೆಗೆ ಬೆನ್ನು ಹಾಕಿ ಕೆಳಗೆ ಕೂತವರನ್ನು ನೋಡಿದರೆ ಇನ್ನೊಂದು ಕತೆ ಕಾಣುತ್ತದೆ. ಅದು ಒಂದು ಗುಂಪು ಒಟ್ಟಾಗಿ ದನಿಯೆತ್ತಲು ಕಲಿತ ಕತೆ. ಪರದೇಶದ ವಿದ್ಯಾರ್ಥಿ ಆ ಕತೆಯೊಳಗೆ ಎಲ್ಲಿಯವರೆಗೆ ಬರಬಲ್ಲಳು ಎಂಬ ಪ್ರಶ್ನೆಯೂ ಅಲ್ಲೇ ಇದೆ.

ಆ ದುರಂತ ನಡೆದ ವರ್ಷವೇ 'ಸೊ ತೈಜಿ ಅಂಡ್ ಬಾಯ್ಸ್' ತಂಡದ ಮೊದಲ ಆಲ್ಬಂ ಬಂತು. ಟಿ.ವಿ. ಕಾರ್ಯಕ್ರಮವೊಂದರಲ್ಲಿ ತೀರ್ಪುಗಾರರು ಕಡಿಮೆ ಅಂಕ ಕೊಟ್ಟರು. ಶಾಲೆಯ ಮಕ್ಕಳು ಆ ತೀರ್ಪನ್ನು ಒಪ್ಪಲಿಲ್ಲ. 1996ರಲ್ಲಿ ಎಚ್.ಓ.ಟಿ. ತಂಡ ಬರುವ ಹೊತ್ತಿಗೆ ಅಭಿಮಾನಿ ಸಂಘಗಳಿಗೆ ತಮ್ಮದೇ ಬಣ್ಣವಿತ್ತು: ಎಚ್.ಓ.ಟಿ.ಯವರಿಗೆ ಬಿಳಿ ಬಲೂನು, ಎದುರಾಳಿ ಜೆಕ್ಸ್‌ಕೀಸ್‌ನವರಿಗೆ ಹಳದಿ. 2006ರ ಸುಮಾರಿಗೆ ಬಿಗ್‌ಬ್ಯಾಂಗ್ ತಂಡಕ್ಕೆ ಕಿರೀಟದ ಆಕಾರದ ದೀಪದ ಕೋಲು ಬಂತು. ಮುಂದೆ ಪ್ರತಿ ತಂಡಕ್ಕೂ ಒಂದೊಂದು ಲೈಟ್‌ಸ್ಟಿಕ್ ಹುಟ್ಟಿತು. ಕೊರಿಯನ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ಹುರಿದುಂಬಿಸುವ ಕೋಲು' ಎಂದೇ.

ಬೆಳಕಿನ ಜೊತೆಗೆ ಕೂಗೂ ವ್ಯವಸ್ಥಿತವಾಯಿತು. ಹಾಡಿನ ಆರಂಭದ ಸಂಗೀತ ನುಡಿಯುವಾಗ ತಂಡದ ಸದಸ್ಯರ ಪೂರ್ತಿ ಹೆಸರುಗಳನ್ನು ನಿಗದಿತ ಕ್ರಮದಲ್ಲಿ ಕೂಗಬೇಕು. ಕೊರಿಯದ ಹೆಸರುಗಳಲ್ಲಿ ಹೆಚ್ಚಿನವು ಮೂರು ಅಕ್ಷರದವು, ತಾಳಕ್ಕೆ ಸಲೀಸಾಗಿ ಕೂರುತ್ತವೆ. ಯಾವ ಸಾಲನ್ನು ಸಭೆ ಹಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದೂ ನಿಗದಿ. ಈ ಕ್ರಮವನ್ನು ಮುದ್ರಿಸಿ ಹಂಚುವುದುಂಟು. ಅಭಿಮಾನಿಗಳು ಅದನ್ನು ಪಾಠದಂತೆ ಬಾಯಿಪಾಠ ಮಾಡುತ್ತಾರೆ. 1992ರಲ್ಲಿ ದಿಕ್ಕೆಟ್ಟು ನುಗ್ಗಿದ ಗುಂಪಿನ ಜಾಗದಲ್ಲಿ ಕೆಲವೇ ವರ್ಷಗಳಲ್ಲಿ ಒಂದು ಗಾಯಕವೃಂದ ಕಾಣಿಸಿಕೊಂಡಿತ್ತು.

ಈ ಶಿಸ್ತು ಕ್ರೂರವೂ ಆಗಬಲ್ಲದು. 2008ರ ಜೂನ್‌ನಲ್ಲಿ ಜಮ್‌ಸಿಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ 'ಡ್ರೀಮ್ ಕಾನ್ಸರ್ಟ್'ನಲ್ಲಿ 'ಗರ್ಲ್ಸ್ ಜನರೇಶನ್' ಹುಡುಗಿಯರು ವೇದಿಕೆಗೆ ಬಂದಾಗ ಬೇರೆ ತಂಡಗಳ ಅಭಿಮಾನಿಗಳು ತಮ್ಮ ದೀಪಗಳನ್ನು ಆರಿಸಿ ಮೌನವಾಗಿ ಕೂತರು. 'ಕಪ್ಪು ಸಮುದ್ರ' ಎಂದು ಇಂದಿಗೂ ನೆನೆಯುವ ಘಟನೆ ಅದು. ಒಂದು ಸಭೆ ಯಾರನ್ನು ತನ್ನವರೆಂದು ಒಪ್ಪುತ್ತದೆ, ಯಾರನ್ನು ಒಪ್ಪುವುದಿಲ್ಲ ಎಂಬುದನ್ನು ಕತ್ತಲೆಯಿಂದಲೂ ಹೇಳಬಹುದು.

ಇಷ್ಟರಲ್ಲಿ ಹಾಡು ಗಡಿ ದಾಟಿತ್ತು. 2000ದ ಫೆಬ್ರುವರಿಯಲ್ಲಿ ಎಚ್.ಓ.ಟಿ. ಬೀಜಿಂಗ್‌ನಲ್ಲಿ ಹಾಡಿತು, ಆ ಹೊತ್ತಿಗೆ ಚೀನಾದ ಪತ್ರಿಕೆಗಳು 'ಕೊರಿಯನ್ ಅಲೆ' ಎಂಬ ಮಾತನ್ನು ಬಳಸತೊಡಗಿದ್ದವು. 2011ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಲೂವ್ರ್ ಮುಂದೆ ಯುವಕ ಯುವತಿಯರು ಸೇರಿ ಕೊರಿಯನ್ ಹಾಡುಗಳಿಗೆ ಕುಣಿದರು. ಜೂನ್‌ನ ಕಾರ್ಯಕ್ರಮದ ಟಿಕೆಟ್ ಮುಗಿದಿತ್ತು, ಇನ್ನೊಂದು ದಿನ ಬೇಕೆಂಬುದು ಅವರ ಬೇಡಿಕೆ. ಆ ಇನ್ನೊಂದು ದಿನ ಸಿಕ್ಕಿತು.

ಹಾಡಿನ ಬೆನ್ನಿಗೇ ವಿದ್ಯಾರ್ಥಿಗಳೂ ಬಂದರು. 2003ರಲ್ಲಿ ದಕ್ಷಿಣ ಕೊರಿಯದಲ್ಲಿ ಸುಮಾರು 12,000 ವಿದೇಶಿ ವಿದ್ಯಾರ್ಥಿಗಳಿದ್ದರು. 2024ರಲ್ಲಿ ಆ ಸಂಖ್ಯೆ 2 ಲಕ್ಷ ದಾಟಿತು. 2027ರೊಳಗೆ 3 ಲಕ್ಷಕ್ಕೆ ಒಯ್ಯುವುದಾಗಿ ಸರ್ಕಾರ 2023ರಲ್ಲಿ ಘೋಷಿಸಿತು. ಎಲ್ಲರೂ ಹಾಡಿಗಾಗಿ ಬಂದವರಲ್ಲ. ಮಕ್ಕಳ ಸಂಖ್ಯೆ ಕುಸಿಯುತ್ತಿರುವ ದೇಶದಲ್ಲಿ ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿಗಳು ಬೇಕು, ಕಾರ್ಖಾನೆಗಳಿಗೆ ಕೈಗಳು ಬೇಕು. ಆದರೂ ಆ ದೇಶದ ಮೊದಲ ಪರಿಚಯ ಬಹಳ ಮಂದಿಗೆ ಆದದ್ದು ಹಾಡಿನಿಂದ, ಧಾರಾವಾಹಿಯಿಂದ.

ಬಂದವಳಿಗೆ ಸಭಾಂಗಣದ ಬಾಗಿಲು ತಕ್ಷಣ ತೆರೆಯುವುದಿಲ್ಲ. ಕೊರಿಯದ ಜಾಲತಾಣಗಳಲ್ಲಿ ಟಿಕೆಟ್ ಕೊಳ್ಳಲು ಸಾಮಾನ್ಯವಾಗಿ ತನ್ನದೇ ಹೆಸರಿನ ಫೋನ್‌ನಿಂದ ಗುರುತು ದೃಢಪಡಿಸಬೇಕು. ಅದಕ್ಕೆ ಮೊದಲು ವಿದೇಶಿಯರ ನೋಂದಣಿ ಕಾರ್ಡ್ ಕೈಗೆ ಬರಬೇಕು. ಕಾರ್ಡಿನಲ್ಲಿರುವ ಉದ್ದನೆಯ ಹೆಸರು ಮೂರಕ್ಷರಕ್ಕೆಂದು ಮಾಡಿದ ಜಾಗದಲ್ಲಿ ಹಿಡಿಸದೆ ತೊಂದರೆಯಾಗುವುದೂ ಉಂಟು. ಟಿಕೆಟ್ಟಿನ ಹೆಸರೂ ಗುರುತಿನ ಚೀಟಿಯ ಹೆಸರೂ ಹೊಂದುತ್ತವೆಯೇ ಎಂದು ಬಾಗಿಲಲ್ಲಿ ನೋಡುತ್ತಾರೆ.

ಒಳಗೆ ಹೋದ ಮೇಲೆ ಮಾತ್ರ ಸ್ಥಿತಿ ಬೇರೆ. ಭಾಷೆಯ ತರಗತಿಯಲ್ಲಿ ಆಕೆಗೆ ಮೊದಲು ಕಲಿಸುವುದು ಗೌರವದ ರೂಪಗಳನ್ನು. ನಮ್ಮ 'ನೀನು', 'ನೀವು'ಗಿಂತಲೂ ಹೆಚ್ಚು ಮೆಟ್ಟಿಲುಗಳಿರುವ ಭಾಷೆ ಅದು. ಸಲುಗೆಯ ರೂಪ ಬಳಸಲು ವಯಸ್ಸು, ಸ್ನೇಹ, ಅನುಮತಿ ಎಲ್ಲವೂ ಬೇಕು. ಹೊಸಬಳಿಗೆ ವರ್ಷವಾದರೂ ಹಾಗೆ ಮಾತಾಡಲು ಒಬ್ಬರೂ ಸಿಗದಿರಬಹುದು. ಸಭಾಂಗಣದ ಕೂಗಿನಲ್ಲಿ ಮಾತ್ರ ಎಲ್ಲವೂ ಸಲುಗೆ. ಹೆಸರಿಗೆ ಗೌರವಸೂಚಕವಿಲ್ಲ, ಪ್ರೀತಿಯ ಮಾತಿಗೆ ವಿನಯದ ಪ್ರತ್ಯಯವಿಲ್ಲ. ಸಾವಿರಾರು ಜನರ ಜೊತೆ ಆಕೆ ಕೊರಿಯನ್ ಭಾಷೆಯಲ್ಲಿ ಏಕವಚನದಲ್ಲಿ ಕೂಗುತ್ತಾಳೆ, ಯಾರೂ ತಿದ್ದುವುದಿಲ್ಲ.

ಆ ದನಿಯ ಬೆಲೆ ಗೊತ್ತಾದದ್ದು ಅದು ಇಲ್ಲವಾದಾಗ. 2022ರ ಮಾರ್ಚ್‌ನಲ್ಲಿ ಬಿಟಿಎಸ್ ಜಮ್‌ಸಿಲ್ ಕ್ರೀಡಾಂಗಣದಲ್ಲಿ ಮೂರು ದಿನ ಹಾಡಿತು. ಕೋವಿಡ್ ನಿಯಮದಂತೆ ದಿನಕ್ಕೆ 15,000 ಜನ ಮಾತ್ರ. ಕೂಗುವಂತಿಲ್ಲ, ಜೊತೆಗೆ ಹಾಡುವಂತಿಲ್ಲ, ಚಪ್ಪಾಳೆಯಷ್ಟೇ. ಹಾಡಿನಲ್ಲಿ ಸಭೆಗೆಂದು ಬಿಟ್ಟ ಜಾಗಗಳು ಖಾಲಿಯಾಗಿಯೇ ಉಳಿದವು.

ಆದರೆ ಇಲ್ಲಿ ಕಲಿತದ್ದು ಸಭಾಂಗಣದೊಳಗೆ ಉಳಿಯಲಿಲ್ಲ. 2016ರ ಜುಲೈ 30ರಂದು ಸೋಲ್‌ನ ಇಹ್ವಾ ಮಹಿಳಾ ವಿಶ್ವವಿದ್ಯಾಲಯದಲ್ಲಿ ಆಡಳಿತದ ಯೋಜನೆಯೊಂದನ್ನು ವಿರೋಧಿಸಿ ಧರಣಿ ಕೂತಿದ್ದ ವಿದ್ಯಾರ್ಥಿನಿಯರನ್ನು ಎಬ್ಬಿಸಲು ಪೊಲೀಸರು ಒಳಬಂದರು. ಹುಡುಗಿಯರು ಕೈ ಕೈ ಹಿಡಿದು ಹಾಡಿದ್ದು ಹಳೆಯ ಹೋರಾಟದ ಗೀತೆಯನ್ನಲ್ಲ, ಗರ್ಲ್ಸ್ ಜನರೇಶನ್‌ನ ಮೊದಲ ಹಾಡನ್ನು. ಎಂಟು ವರ್ಷಗಳ ಹಿಂದೆ ಯಾರ ಮುಂದೆ ದೀಪ ಆರಿಸಿದ್ದರೋ ಅವರದೇ ಹಾಡು. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾ ಆಡಳಿತ ಘೋಷಿಸಿದ ಮೇಲೆ ಆ ಹಾಡು ಸಂಸತ್ತಿನ ಮುಂದಿನ ಬೀದಿಗೂ ಬಂತು. ಇಪ್ಪತ್ತು, ಮೂವತ್ತರ ಹರೆಯದ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ತಮ್ಮ ತಮ್ಮ ತಂಡದ ಲೈಟ್‌ಸ್ಟಿಕ್ ಹಿಡಿದು ಬಂದರು. ಮೇಣದಬತ್ತಿಯಂತೆ ಅದು ಗಾಳಿಗೆ ಆರುವುದಿಲ್ಲ. ಬೇರೆ ಬೇರೆ ಬಣ್ಣಗಳು, ಒಂದೇ ತಾಳದ ಕೂಗು. 14ರಂದು ಸಂಸತ್ತು 300ರಲ್ಲಿ 204 ಮತಗಳಿಂದ ಮಹಾಭಿಯೋಗವನ್ನು ಅಂಗೀಕರಿಸಿತು.

ಪರದೇಶದ ವಿದ್ಯಾರ್ಥಿಗೆ ಗಡಿ ಕಾಣುವುದು ಇಲ್ಲಿ. ಅವಳ ಕೋಣೆಯಲ್ಲೂ ಅದೇ ದೀಪವಿದೆ, ಆ ಹಾಡಿನ ಪ್ರತಿ ಸಾಲೂ ಬಾಯಿಗೆ ಬರುತ್ತದೆ, ಎಲ್ಲಿ ದನಿಗೂಡಿಸಬೇಕೆಂಬುದೂ ಗೊತ್ತು. ಆದರೆ ಕೊರಿಯದ ವಲಸೆ ಕಾಯ್ದೆಯ 17ನೆಯ ಕಲಮಿನಂತೆ, ಕಾನೂನು ಅವಕಾಶ ಕೊಟ್ಟಲ್ಲಿ ಬಿಟ್ಟರೆ, ಅಲ್ಲಿ ನೆಲೆಸಿರುವ ವಿದೇಶಿಯರು ರಾಜಕೀಯ ಚಟುವಟಿಕೆಯಲ್ಲಿ ತೊಡಗುವಂತಿಲ್ಲ. ವೀಸಾ ಕಳೆದುಕೊಳ್ಳುವ ಭಯವಿರುವವಳು ಪಾದಚಾರಿ ಮಾರ್ಗದಲ್ಲಿ ನಿಂತು ನೋಡಬೇಕು, ಅಥವಾ ಫೋನ್‌ನಲ್ಲಿ ನೋಡಬೇಕು.

ಇಂಥ ನಿರ್ಬಂಧ ಹಲವು ದೇಶಗಳಲ್ಲಿದೆ, ಕೊರಿಯವೊಂದನ್ನೇ ದೂರುವಂತಿಲ್ಲ. ವಿಚಿತ್ರವೆಂದರೆ, ಹಾಡಿನ ಮೂಲಕ ಜಗತ್ತನ್ನು ಕರೆದ ದೇಶ ಬಂದವರಿಗೆ ಕಲಿಸಿದ್ದು ಕೇವಲ ರಾಗವನ್ನಲ್ಲ, ಅಪರಿಚಿತರ ಪಕ್ಕದಲ್ಲಿ ನಿಂತು ಒಂದೇ ಉಸಿರಿನಲ್ಲಿ ದನಿಯೆತ್ತುವುದನ್ನು. ಅದನ್ನು ಸಭಾಂಗಣದಲ್ಲಿ ಕಲಿತ ಕೊರಿಯದ ಹುಡುಗಿ ಬೀದಿಯಲ್ಲಿ ಬಳಸಿದಳು. ಪಕ್ಕದ ಸೀಟಿನಲ್ಲಿ ಕೂತು ಅದೇ ಪಾಠ ಕಲಿತ ವಿದೇಶದ ಹುಡುಗಿಗೆ ಅದನ್ನು ಬಳಸುವ ಬೀದಿ ಇನ್ನೂ ಸಿಕ್ಕಿಲ್ಲ. 3 ಲಕ್ಷ ಮಂದಿಯನ್ನು ಕರೆಯಲು ಹೊರಟ ದೇಶ, ಅವರನ್ನು ಕೇಳುಗರಾಗಿ ಮಾತ್ರ ಎಷ್ಟು ವರ್ಷ ಕೂರಿಸಬಲ್ಲದು ಎಂಬುದನ್ನು ಮುಂದಿನ ಇತಿಹಾಸ ಬರೆಯುವವರು ನೋಡಬೇಕು.